ಬೆಣ್ಣೆ ವಾಸನೆ ತೊಲಗಿದ ಪೇಲ್ ಏಲ್‌ಗೆ 50ಕ್ಕೆ 41

ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಹಾಕಿ ಮನೆಯಲ್ಲೇ ಮಾಡಿದ ಈ ಸಲದ ಅಮೆರಿಕನ್ ಪೇಲ್ ಏಲ್ ಬಿಯರಿನಲ್ಲಿ, ಹಿಂದಿನ ಸಲಗಳಂತೆ, ಬೆಣ್ಣೆಯ ವಾಸನೆ ಇಲ್ಲ ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ. ಅಂಕಗಳ ಮಾತು ಆಮೇಲೆ. ಮ್ಯಾಶ್ (ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸುವುದು), ಕುದಿ, ತಣಿಸುವಿಕೆ ಎಂದಿನಂತೆಯೇ ನಡೆದವು. ಪೇಲ್ ಮಾಲ್ಟ್, ಜೊತೆಗೆ ಸ್ವಲ್ಪ ಕ್ರಿಸ್ಟಲ್ 40, ಯುಎಸ್-05 ಯೀಸ್ಟ್, ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುವಂಥದ್ದು) 1.052. ತಕರಾರೆಲ್ಲ ಡ್ರೈ ಹಾಪ್‌ನ, ಅಂದರೆ ಹುದುಗಿದ ಬಿಯರಿಗೆ ಹಾಪ್ಸ್ ಹಾಕುವುದರ, ನಂತರದ್ದು.

ಹಿಂದಿನ ಸಲಗಳಲ್ಲಿ ಹುದುಗುವಿಕೆ 1.011ಕ್ಕೆ ಬಂದು ನಿಲ್ಲುತ್ತಿತ್ತು, ಹೈಡ್ರೋಮೀಟರ್ ಕದಲುತ್ತಿರಲಿಲ್ಲ, ರುಚಿಯೂ ಶುದ್ಧವಾಗಿರುತ್ತಿತ್ತು. ಆದರೆ ಹಾಪ್ಸ್ ಹಾಕಿ, ಬಾಟಲಿಗೆ ತುಂಬಿ, ಕೆಲವು ವಾರ ಬಿಟ್ಟು ಮುಚ್ಚಳ ತೆಗೆದರೆ ನೊರೆ ಅರ್ಧ ಮೇಜನ್ನು ತೋಯಿಸುತ್ತಿತ್ತು, ಗ್ಲಾಸಿನಿಂದ ಸಿನಿಮಾ ಮಂದಿರದ ಪಾಪ್‌ಕಾರ್ನ್‌ನಂಥ ವಾಸನೆ ಏಳುತ್ತಿತ್ತು. ನನ್ನ ಮೊದಲ ಗುಮಾನಿ ಹಾಪ್ಸ್ ಪೂರೈಸುವವರ ಮೇಲೆಯೇ ಇತ್ತು. ಅವರು ಕಳುಹಿಸಿದ ಪೊಟ್ಟಣಗಳಲ್ಲಿ ಒಂದು ಗಾಳಿ ತುಂಬಿ ಉಬ್ಬಿತ್ತು, ಇನ್ನೊಂದರ ಮೇಲೆ ಬೆಳೆಯ ವರ್ಷವೇ ಅಳಿಸಿಹೋಗಿತ್ತು. ಕೇಳಿದರೆ "ಹಾಪ್ಸ್ ಕೂಡ ಉಸಿರಾಡುತ್ತವೆ" ಎಂಬ ವೇದಾಂತದ ಉತ್ತರ ಬಂತು. ಆದರೆ ಹಳೆಯ ಹಾಪ್ಸ್ ಚೀಸ್‌ನ ವಾಸನೆ ಕೊಡಬಹುದೇ ಹೊರತು ಬೆಣ್ಣೆಯದನ್ನಲ್ಲ. ಹೀಗಾಗಿ ಆ ಒಂದು ಆರೋಪದಿಂದ ಅವರನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಡುಗಡೆ ಮಾಡಬೇಕಾಯಿತು.

ಕಾರಣ ಹಾಪ್ಸ್‌ನ ಒಳಗೇ ಇದೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳನ್ನು (ಸಕ್ಕರೆಯ ಉದ್ದ ಸರಪಳಿಗಳನ್ನು) ಹಾಪ್ಸ್‌ನ ಕಿಣ್ವಗಳು ಒಡೆದು ಸಕ್ಕರೆ ಮಾಡಿಕೊಡುತ್ತವೆ. ಮಲಗಿದ್ದ ಯೀಸ್ಟ್ ಎದ್ದು ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ ಇದನ್ನು 1893ರಲ್ಲಿಯೇ ಬರೆದಿದ್ದರು. ನಾನಿರುವ ಬೀವರ್ಟನ್‌ನಿಂದ ಒಂದೂವರೆ ಗಂಟೆಯ ಹಾದಿಯಲ್ಲಿರುವ ಕಾರ್ವಾಲಿಸ್‌ನ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದೇ ಕಿಣ್ವಗಳನ್ನು ತೋರಿಸಿದ್ದು ಇದೇ ಕ್ಯಾಸ್ಕೇಡ್ ತಳಿಯಲ್ಲಿ. ನನ್ನ ಏಲ್ 1.011ರಿಂದ 1.008ಕ್ಕೆ ಇಳಿಯುತ್ತಿತ್ತು. ಈ ಮೂರು ಪಾಯಿಂಟ್ ಬಾಟಲಿಯೊಳಗೆ ಕರಗಿದರೆ ಬಾಟಲಿಗೆ ತುಂಬುವಾಗ ಹಾಕುವ ಪ್ರೈಮಿಂಗ್ ಸಕ್ಕರೆಯ ಅನಿಲದ ಮೇಲೆ ಇನ್ನೂ ಸುಮಾರು ಒಂದೂವರೆ ವಾಲ್ಯೂಮ್, ಅಂದರೆ ಬಿಯರಿನ ಒಂದೂವರೆ ಪಟ್ಟು ಗಾತ್ರದ ಅನಿಲ, ಸೇರುತ್ತದೆ. ಜೊತೆಗೆ ಎರಡನೆಯ ಸುತ್ತಿನ ಹುದುಗುವಿಕೆಯಲ್ಲಿ ಯೀಸ್ಟ್ ಹೊರಬಿಡುವ ಆಲ್ಫಾ-ಅಸಿಟೋಲ್ಯಾಕ್ಟೇಟ್ ನಿಧಾನವಾಗಿ ಬೆಣ್ಣೆ ವಾಸನೆಯ ಡಯಾಸಿಟೈಲ್ ಆಗುತ್ತದೆ. ಬೆಣ್ಣೆ ಬಂದದ್ದು ಅಲ್ಲಿಂದ.

ಡ್ರೈ ಹಾಪ್ ಅನ್ನು ತಣ್ಣಗೆ, 14 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಕೆಗ್‌ಗೆ (ಲೋಹದ ಪೀಪಾಯಿಗೆ) ಹಾಕಿ ಫ್ರಿಜ್ಜಿನಲ್ಲಿಡುವವರಿಗೆ ಅದು ಸರಿ. ಬಾಟಲಿಯಲ್ಲೇ ಅನಿಲ ಕಟ್ಟಿಸುವ ನಮ್ಮಂಥವರಿಗೆ ಅದು ಸಾಲವನ್ನು ಮುಂದೂಡುವ ಉಪಾಯ ಮಾತ್ರ, ಏಕೆಂದರೆ ಕಿಣ್ವವೂ ಯೀಸ್ಟ್ ಕೂಡ ಬಾಟಲಿಯೊಳಗೆ ಹೋಗಿ ಕೋಣೆಯ ಬಿಸಿಯಲ್ಲಿ ಮತ್ತೆ ಜೊತೆಯಾಗುತ್ತವೆ. ಆದ್ದರಿಂದ ನಾನು 20 ಡಿಗ್ರಿಯಲ್ಲೇ ಹಾಪ್ಸ್ ಹಾಕಿ, ಗ್ರಾವಿಟಿ ಇಳಿಯುವಷ್ಟು ಇಳಿಯಲೆಂದು ಬಿಟ್ಟು, ಎರಡು ಜಾಡಿಗಳ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಬಾಟಲಿ ಮುಟ್ಟಲಿಲ್ಲ. ಬಿಯರ್ ತುಂಬಿ ಮುಚ್ಚಿದ ಒಂದು ಜಾಡಿಯನ್ನು 65 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣಿಸಬೇಕು, ಇನ್ನೊಂದನ್ನು ಹಾಗೆಯೇ ಬಿಡಬೇಕು. ಅಡಗಿರುವ ಅಸಿಟೋಲ್ಯಾಕ್ಟೇಟ್ ಬಿಸಿಗೆ ಡಯಾಸಿಟೈಲ್ ಆಗಿ ಹೊರಬೀಳುತ್ತದೆ. ಮೊದಲ ಸಲ ಬಿಸಿ ಜಾಡಿಯ ಮುಚ್ಚಳ ಸಡಿಲಿಸಿದಾಗ ಕಿತ್ತಳೆ ಸಿಪ್ಪೆಯ ಘಮದ ಅಡಿಯಿಂದ ಬೆಣ್ಣೆ ಇಣುಕಿತು, ತಣ್ಣನೆಯದರಲ್ಲಿ ಅದರ ಸುಳಿವೂ ಇರಲಿಲ್ಲ. ಕುಡಿಯದಿದ್ದರೂ ಮೂಗು ಚುರುಕಾಗಿರುವ ನನ್ನ ಹೆಂಡತಿಯೇ ತೀರ್ಪುಗಾರ್ತಿ. ಒಂದು ವಾರದ ಮೇಲೆ ಎರಡನ್ನೂ ಮೂಸಿ, "ರೀ, ಎರಡೂ ಒಂದೇ, ಇನ್ನಾದರೂ ಅಡುಗೆಮನೆ ಬಿಟ್ಟುಕೊಡಿ" ಎಂದಳು.

ಇನ್ನು ಅಂಕಗಳು. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಅಂಕಗಳ ಹಾಳೆ ಹಿಡಿದು, ಪಕ್ಕದಲ್ಲಿ ಸಿಯೆರಾ ನೆವಾಡಾ ಪೇಲ್ ಏಲ್ ಇಟ್ಟುಕೊಂಡು ಕುಳಿತೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಚೀಕೊದಲ್ಲಿ ಹುಟ್ಟಿ, 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್‌ಗೆ ಹೆಸರು ತಂದುಕೊಟ್ಟ ಆ ಬಿಯರನ್ನು ಬಿಟ್ಟು ಈ ಶೈಲಿಗೆ ಬೇರೆ ಅಳತೆಗೋಲು ನನಗೆ ತೋಚದು. ಪರಿಮಳಕ್ಕೆ 12ರಲ್ಲಿ 10: ಚಕ್ಕೋತ, ಪೈನ್ ರಾಳ, ತುಸು ಹೂವು. ನೋಟಕ್ಕೆ 3ಕ್ಕೆ 3. ರುಚಿಗೆ 20ರಲ್ಲಿ 16. ಕಹಿ ನೇರವಾಗಿದೆ, ಆದರೆ ಮಾಲ್ಟಿನ ಬಿಸ್ಕತ್ತಿನ ರುಚಿ ಚೀಕೊದ ಬಿಯರಿನಷ್ಟು ನಿಲ್ಲುವುದಿಲ್ಲ, ಏಕೆಂದರೆ 1.008 ಈ ಶೈಲಿಗೆ ತೀರಾ ಒಣಗಿದ ಅಂತ್ಯ. ಬಾಯಿಯ ಹದಕ್ಕೆ 5ರಲ್ಲಿ 4. ನುಂಗಿದ ಮೇಲೆ ನಾಲಿಗೆಯ ಬದಿಗಳಲ್ಲಿ ಸ್ವಲ್ಪ ಒಗರು. ಒಟ್ಟಾರೆ ಅನಿಸಿಕೆಗೆ 10ಕ್ಕೆ 8.

ಈ ನಡುವೆ ಮಂಗಳೂರಿನಿಂದ ಬಂದ ಒಣ ಪುನರ್ಪುಳಿ ಡಬ್ಬಿಯಲ್ಲಿ ಕುಳಿತಿದೆ. ಉಪ್ಪು, ಕೊತ್ತಂಬರಿ ಬೀಜ ಹೇಗೂ ಬೀಳುವ ಜರ್ಮನಿಯ ಗೋಸ ಬಿಯರಿಗೆ ಅದಕ್ಕಿಂತ ಒಪ್ಪುವ ಹುಳಿ ಉಂಟೇ? ಅಲ್ಲಿ ಡ್ರೈ ಹಾಪ್‌ನ ಗೋಜೂ ಇಲ್ಲ. ಆದರೆ ಅದಕ್ಕೂ ಮೊದಲು ಮ್ಯಾಶ್ ಅನ್ನು 66ರಿಂದ 68 ಡಿಗ್ರಿಗೆ ಏರಿಸಿ, ಡ್ರೈ ಹಾಪ್ ಅನ್ನು ಲೀಟರಿಗೆ 6 ಗ್ರಾಂನಿಂದ 4ಕ್ಕೆ ಇಳಿಸಿ, ಇದೇ ಪೇಲ್ ಏಲ್ ಅನ್ನು ಇನ್ನೊಮ್ಮೆ ಮಾಡಬೇಕು. ಹಾಪ್ಸ್ ಬೇರೆ ಕಡೆಯಿಂದ ತರಿಸುತ್ತಿದ್ದೇನೆ. ಬೆಳೆಯ ವರ್ಷದ ಫೋಟೊ ಕಳುಹಿಸಿದ ಮೇಲೆಯೇ ಹಣ ಎಂದು ಹೇಳಿದ್ದೇನೆ.