ಭರಣಿ ಮಳೆ ಬಂತು, ಟೊಮ್ಯಾಟೊ ಬಿರಿಯಿತು

2024ರ ಏಪ್ರಿಲ್‌ನ ಒಂದು ಬೆಳಗ್ಗೆ ತಾರಸಿ ಗುಡಿಸುತ್ತಾ ಉದುರಿದ ಟೊಮ್ಯಾಟೊ ಹೂಗಳನ್ನು ಎಣಿಸಿದೆ. ನಲವತ್ಮೂರು. ಒಂದೂ ಬಾಡಿರಲಿಲ್ಲ. ಹಳದಿ ಬಣ್ಣ ಹಾಗೇ ಇತ್ತು. ತೊಟ್ಟಿನ ನಡುವೆ ಒಂದು ಗಂಟು ಇರುತ್ತದಲ್ಲ, ಸರಿಯಾಗಿ ಅಲ್ಲೇ ಕಳಚಿಕೊಂಡಿದ್ದವು. ಅವನ್ನು ಮೊರದಲ್ಲಿ ಹಾಕಿಕೊಂಡು ಸುಮ್ನೆ ನೋಡುತ್ತಾ ಕೂತೆ.

ನಮ್ಮ ಮನೆ ಯಲಹಂಕದಲ್ಲಿ. ಎರಡನೇ ಮಹಡಿಯ ಮೇಲಿನ ತಾರಸಿಯಲ್ಲಿ ಆ ಹೊತ್ತಿಗೆ ಆರು ವರ್ಷದಿಂದ ತರಕಾರಿ ಬೆಳೆಯುತ್ತಿದ್ದೆ. ಆರು ಟೊಮ್ಯಾಟೊ ಗಿಡ, ನಾಲ್ಕು ಬೆಂಡೆ, ಎರಡು ಬದನೆ, ಐದಾರು ಮೆಣಸಿನ ಗಿಡ, ಒಂದು ಹೀರೆ ಚಪ್ಪರ, ಗೋಡೆಗೆ ಹಬ್ಬಿದ ಬಸಳೆ. ಬೀಜ ಬಿತ್ತಿದ ದಿನ, ಮೊದಲ ಹೂವಿನ ದಿನ, ಕಿತ್ತ ಕಾಯಿಯ ತೂಕ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಆಗೆಲ್ಲ ಹೊಸ ವರ್ಷದ ವಾರದಲ್ಲಿ ಟೊಮ್ಯಾಟೊ ಬೀಜ ಹಾಕುವುದು ರೂಢಿಯಾಗಿತ್ತು. ಮಾರ್ಚ್‌ನಲ್ಲಿ ಹೂವು, ಏಪ್ರಿಲ್ ಕೊನೆಯಿಂದ ಹಣ್ಣು. ಆರು ಗಿಡದಿಂದ ಒಟ್ಟು ಒಂಬತ್ತು ಹತ್ತು ಕಿಲೋ ಸಿಗುತ್ತಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ರಕ್ಷಕ್ ತಳಿಯನ್ನೇ ಹಾಕಿದ್ದೆ. ಎಲೆ ಮುದುಡುವ ರೋಗ, ಸೊರಗು ರೋಗ, ಅಂಗಮಾರಿ, ಮೂರನ್ನೂ ತಡೆದುಕೊಳ್ಳುವ ತಳಿ ಅದು. ಗಿಡಗಳು ನನ್ನ ಎದೆಮಟ್ಟಕ್ಕೆ ಬೆಳೆದಿದ್ದವು. ಎಲೆಯಲ್ಲಿ ಒಂದು ಚುಕ್ಕೆ ಇಲ್ಲ. ಹೂವಿಗೂ ಬರವಿಲ್ಲ. ಕಾಯಿ ಮಾತ್ರ ಕಚ್ಚಲಿಲ್ಲ.

ನೀರು ಸಾಲುತ್ತಿಲ್ಲ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ಬೆಂಗಳೂರಿನ ಬೋರ್‌ವೆಲ್‌ಗಳು ಒಣಗುತ್ತಿದ್ದ ಕಾಲ ಅದು. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ತಪ್ಪಿದರೆ 5000 ರೂಪಾಯಿ ದಂಡ ಎಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಮಾಡಿತ್ತು. ಸರಿಯಾದ ಆದೇಶವೇ. ಪಕ್ಕದ ಬೀದಿಯಲ್ಲಿ ಜನ ಕೊಡ ಹಿಡಿದು ನಿಂತಿರುವಾಗ ನಾನು ಟೊಮ್ಯಾಟೊಗೆ ಪೈಪ್ ಹಿಡಿಯುವುದು ಹೇಗೆ? ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು, ಎಲ್ಲವನ್ನೂ ಬಕೆಟ್‌ನಲ್ಲಿ ತುಂಬಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನೂ ಬಿಡಲಿಲ್ಲ. ಮೂರು ವಾರದಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿತು, ಬೆಂಡೆ ಎಲೆಯ ಅಂಚು ಸುಟ್ಟ ಹಾಗಾಯಿತು. ಆ ನೀರನ್ನು ಅಷ್ಟಕ್ಕೇ ನಿಲ್ಲಿಸಿ ನೆಲ ಒರೆಸಲು ಇಟ್ಟುಕೊಂಡೆ.

ನಮ್ಮಮ್ಮ ಇರುವುದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಫೋನ್ ಮಾಡಿ ಹೂ ಉದುರುವ ವಿಷಯ ಹೇಳಿದೆ.

"ರಾತ್ರಿ ಹೊತ್ತು ತಾರಸಿ ಮೇಲೆ ಹೋಗಿ ಬರಿಗಾಲಲ್ಲಿ ನಿಂತು ನೋಡಿದ್ದೀಯ?" ಅಂದರು.

ಇಲ್ಲ ಅಂದೆ.

"ಹೋಗಿ ನಿಂತ್ಕೋ. ಆಮೇಲೆ ಫೋನ್ ಮಾಡು."

ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಮೇಲೆ ಹೋದೆ. ಚಪ್ಪಲಿ ಬಿಟ್ಟು ನಿಂತೆ. ಕಾಂಕ್ರೀಟು ಆಗಷ್ಟೇ ಇಳಿಸಿದ ತವದ ಹಾಗೆ ಬೆಚ್ಚಗಿತ್ತು. ಗಿಡ ನೆಟ್ಟ ಬ್ಯಾಗಿನ ಮಣ್ಣಿಗೆ ಬೆರಳು ಇಟ್ಟರೆ ಅದೂ ಬೆಚ್ಚಗೆ. ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ರಾತ್ರಿಯೆಲ್ಲ ಗಿಡದ ಬುಡಕ್ಕೆ ವಾಪಸು ಕೊಡುತ್ತಿತ್ತು. ಗಾಳಿ ಅನ್ನುವುದೇ ಇರಲಿಲ್ಲ.

ಅಮ್ಮ ಮತ್ತೆ ಫೋನ್‌ನಲ್ಲಿ ಹೇಳಿದ್ದು ಇಷ್ಟೇ. "ಎಷ್ಟು ನೀರು ಹುಯ್ದರೂ ಅಷ್ಟೇ ಮಗ. ಟೊಮ್ಯಾಟೊಗೆ ರಾತ್ರಿ ತಣ್ಣಗಾಗ್ಬೇಕು. ಮನುಷ್ಯರ ಹಾಗೇ, ನಿದ್ದೆ ಬರ್ದಿದ್ರೆ ಏನ್ ಮಾಡೀತು ಅದು?"

ಆಮೇಲೆ ಓದಿ ತಿಳಿದುಕೊಂಡೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರಿಂದ ಕೆಳಗೆ ಇಳಿಯದಿದ್ದರೆ ಟೊಮ್ಯಾಟೊದ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂವು ಅರಳುತ್ತದೆ, ಆದರೆ ಕಾಯಾಗುವುದಿಲ್ಲ. ಕಾಯಾಗದ ಹೂವನ್ನು ಗಿಡ ತಾನೇ ಬಿಟ್ಟುಬಿಡುತ್ತದೆ. ಹಿಂದಿನ ವರ್ಷಗಳ ನೋಟ್‌ಬುಕ್ ತೆಗೆದು ನೋಡಿದೆ. ಪ್ರತಿ ವರ್ಷವೂ ಮಾರ್ಚ್ ಏಪ್ರಿಲ್‌ನಲ್ಲಿ ಎಲ್ಲೋ ಒಂದು ಕಡೆ "ಸಂಜೆ ಮಳೆ" ಅಂತ ಬರೆದಿದ್ದೆ. ಮಾವಿನ ಹೊಯ್ಲು. ಅರ್ಧ ಗಂಟೆ ಸುರಿದು ಹೋಗುವ ಮಳೆ. ಅದು ನೀರು ಕೊಟ್ಟಿದ್ದಕ್ಕಿಂತ ರಾತ್ರಿಯನ್ನು ತಣ್ಣಗೆ ಮಾಡಿದ್ದೇ ದೊಡ್ಡದು ಅಂತ ನನಗೆ ಆರು ವರ್ಷ ಗೊತ್ತೇ ಆಗಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹವಾಮಾನ ಕೇಂದ್ರದಲ್ಲಿ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. 28ನೇ ತಾರೀಕು ಭಾನುವಾರ 38.5 ಡಿಗ್ರಿ ಬಿಸಿಲು.

ಹಸಿರು ನೆರಳು ಬಲೆ ತಂದು ಕಟ್ಟಿದೆ. ಬ್ಯಾಗುಗಳನ್ನು ಇಟ್ಟಿಗೆ ಮೇಲೆ ಎತ್ತಿಟ್ಟೆ, ತಾರಸಿಯ ಕಾವು ನೇರ ತಾಗದಿರಲಿ ಅಂತ. ಪಾರ್ಕಿನಿಂದ ತರಗೆಲೆ ತಂದು ಮಣ್ಣಿನ ಮೇಲೆ ಒಂದು ಗೇಣು ಹರಡಿದೆ. ಇದರಿಂದ ಬದನೆ, ಮೆಣಸು ಉಳಿದವು. ಮೆಣಸಿನಕಾಯಿ ಕಡಿಮೆಯೇ, ಆದರೆ ಎಂಥ ಖಾರ ಅಂತೀರಿ! ಒಂದು ಒಗ್ಗರಣೆಗೆ ಅರ್ಧ ಸಾಕಾಗುತ್ತಿತ್ತು. ಕೊತ್ತಂಬರಿ ಎರಡು ಎಲೆ ಬಿಡುವಷ್ಟರಲ್ಲಿ ಹೂವಾಯಿತು.

ಹೀರೆಯ ಕಥೆ ಬೇರೆ. ಬಳ್ಳಿ ತುಂಬಾ ಹೂವು, ಎಲ್ಲ ಗಂಡು ಹೂವು. ಸೆಖೆ ಜಾಸ್ತಿಯಾದರೆ ಹೀರೆ, ಸೌತೆ, ಸೋರೆ ಜಾತಿಯ ಬಳ್ಳಿಗಳು ಗಂಡು ಹೂವನ್ನೇ ಹೆಚ್ಚು ಬಿಡುತ್ತವೆ. ಹೆಣ್ಣು ಹೂವು ವಾರಕ್ಕೆ ಎರಡೋ ಮೂರೋ. ಹೀರೆ ಹೂವು ಅರಳುವುದು ಸಂಜೆ. ಆ ವರ್ಷ ಜೇನ್ನೊಣಗಳೂ ಕಾಣಲಿಲ್ಲ. ಸಂಜೆ ಆರೂವರೆಗೆ ಮಗಳೂ ನಾನೂ ಮೇಲೆ ಹೋಗಿ, ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಸವರುತ್ತಿದ್ದೆವು. ಎಳೆ ಕಾಯಿಯ ಮೇಲೆ ಕೂತ ಹೂವನ್ನು ತೋರಿಸಿ, "ಇದು ಅಮ್ಮ ಹೂವಾ?" ಅಂತ ಕೇಳುತ್ತಿದ್ದಳು. ಆ ಬೇಸಿಗೆಯಲ್ಲಿ ಸಿಕ್ಕಿದ ಏಳು ಹೀರೆಕಾಯಿ ಅವಳ ಕೈಯಿಂದಲೇ ಆದದ್ದು.

ಇನ್ನು ಟೊಮ್ಯಾಟೊ. ಮಾರ್ಚ್ ಮಧ್ಯದಲ್ಲಿ, ಸೆಖೆ ಪೂರ್ತಿ ಏರುವ ಮೊದಲು, ಪೂರ್ವದ ಗೋಡೆ ಪಕ್ಕದ ಎರಡು ಗಿಡದಲ್ಲಿ ಕೆಲವು ಹೂವು ಕಾಯಿ ಕಚ್ಚಿದ್ದವು. ಹನ್ನೊಂದು ಕಾಯಿ. ಪ್ರತಿ ದಿನ ಎಣಿಸುತ್ತಿದ್ದೆ. ಅಮ್ಮನಿಗೂ ವರದಿ ಹೋಗುತ್ತಿತ್ತು. ಏಪ್ರಿಲ್ ಕೊನೆಗೆ ಅವುಗಳ ತುದಿಯಲ್ಲಿ ಬಣ್ಣ ತಿರುಗಿತು.

"ದೋರೆಗಾಯಲ್ಲೇ ಕಿತ್ಬಿಡು. ಅಕ್ಕಿ ಡಬ್ಬದಲ್ಲಿಟ್ರೆ ಹಣ್ಣಾಗುತ್ತೆ. ಭರಣಿ ಹುಟ್ಟಿದೆ, ಯಾವಾಗ ಬೇಕಾದ್ರೂ ಮಳೆ ಬರುತ್ತೆ," ಅಂದರು ಅಮ್ಮ.

"ಬರಲಿ ಬಿಡಮ್ಮ, ಮಳೆ ಬಂದರೆ ಒಳ್ಳೇದೇ ಅಲ್ವಾ?"

"ಗಿಡಕ್ಕೆ ಒಳ್ಳೇದು. ಹಣ್ಣಿಗಲ್ಲ."

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಚಿಕ್ಕಂದಿನಿಂದ ಅಮ್ಮನ ಬಾಯಲ್ಲೇ ಕೇಳಿದ್ದೆ. ಅದೇ ಅಮ್ಮ ಹೀಗೆ ಹೇಳಿದಾಗ ನನ್ನ ತಲೆಗೆ ಹೋಗಲಿಲ್ಲ. ಗಿಡದಲ್ಲೇ ಕೆಂಪಾಗಲಿ ಅನ್ನುವ ಆಸೆ. ಒಂದೂವರೆ ತಿಂಗಳು ಬಕೆಟ್ ಹೊತ್ತು ಸಾಕಿದ್ದೆ. ಮಗಳ ಕೈಯಿಂದ ಕೀಳಿಸಬೇಕು ಅಂತಿತ್ತು.

ಮೇ ಮೊದಲ ವಾರದ ಒಂದು ಸಂಜೆ ಆಕಾಶ ಕಪ್ಪಾಯಿತು. ಮೊದಲು ಧೂಳು, ಆಮೇಲೆ ಮಣ್ಣಿನ ವಾಸನೆ, ಆಮೇಲೆ ದಪ್ಪ ಹನಿ. ಬೀದಿಯ ಜನವೆಲ್ಲ ಬಾಲ್ಕನಿಗೆ ಬಂದು ನಿಂತಿದ್ದರು. ಎದುರು ಮನೆಯ ಅಜ್ಜಿ ಕೈ ಚಾಚಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಮಗಳೂ ನಾನೂ ತಾರಸಿಯಲ್ಲಿ ನೆನೆದೆವು. ನನಗೆ ಅಳು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕಾಲ ಕೆಳಗಿನ ಕಾಂಕ್ರೀಟು ತಣ್ಣಗಾಗುತ್ತಿರುವುದು ಪಾದಕ್ಕೆ ಗೊತ್ತಾಗುತ್ತಿತ್ತು.

ಬೆಳಗ್ಗೆ ಹೋಗಿ ನೋಡಿದರೆ ಹನ್ನೊಂದರಲ್ಲಿ ಎಂಟು ಹಣ್ಣು ಬಿರಿದಿದ್ದವು. ತೊಟ್ಟಿನ ಸುತ್ತ ಬಳೆಯ ಹಾಗೆ ಸೀಳು. ಎರಡು ಮಾತ್ರ ಮೇಲಿಂದ ಕೆಳಗೆ ಬಿರಿದು ಒಳಗಿನ ಬೀಜ ಕಾಣುತ್ತಿತ್ತು. ವಾರಗಟ್ಟಲೆ ಗುಟುಕು ಗುಟುಕಾಗಿ ಕುಡಿದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಅದು ಬೇಕಾದಷ್ಟು ಎಳೆದುಕೊಳ್ಳುತ್ತದೆ. ಹಣ್ಣಿನ ಒಳಗು ಉಬ್ಬುತ್ತದೆ. ಬಲಿತ ಸಿಪ್ಪೆ ಹಿಗ್ಗಲಾರದು. ಇರುವೆ ಆಗಲೇ ಸಾಲು ಹಿಡಿದಿದ್ದವು.

ಎಲ್ಲ ಹನ್ನೊಂದನ್ನೂ ಕಿತ್ತು ತೂಗಿದೆ. ಏಳುನೂರು ಗ್ರಾಂ. ಬಿರಿದದ್ದನ್ನು ಅವತ್ತೇ ಗೊಜ್ಜು ಮಾಡಿದೆ. ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತು. ಅವರು ಬೈಯಲಿಲ್ಲ. "ರುಚಿ ಹೇಗಿತ್ತು?" ಅಂತ ಕೇಳಿದರು. ಚೆನ್ನಾಗಿತ್ತು. ನಿಜವಾಗಿ ತುಂಬಾ ಚೆನ್ನಾಗಿತ್ತು.

ಆ ಮಳೆಯ ನಂತರ ಗಿಡಗಳು ಬೇರೆಯೇ ಆದವು. ಹತ್ತು ದಿನದೊಳಗೆ ಕಂಕುಳಲ್ಲಿ ಹೊಸ ಚಿಗುರು, ಹೊಸ ಹೂಗೊಂಚಲು. ಈ ಸಲ ಹೂವು ಉದುರಲಿಲ್ಲ. ಮೇ ಮುಗಿಯುವ ಹೊತ್ತಿಗೆ ಗೋಲಿ ಗಾತ್ರದ ಕಾಯಿಗಳು ಎಣಿಸಲಾರದಷ್ಟು.

ಜೂನ್ 2, ಮತ್ತೆ ಭಾನುವಾರ. ರೋಹಿಣಿ ಮಳೆ. ಆ ಒಂದೇ ದಿನ ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು ಅಂತ ಆಮೇಲೆ ಪೇಪರಿನಲ್ಲಿ ಬಂತು. ಊರಿನ ತುಂಬಾ ಮರಗಳು ಉರುಳಿದ್ದವು. ನಮ್ಮ ತಾರಸಿಯ ನೀರು ಹೋಗುವ ಪೈಪಿಗೆ ನಾನೇ ಹರಡಿದ್ದ ತರಗೆಲೆ ಹೋಗಿ ಕಟ್ಟಿಕೊಂಡಿತ್ತು. ಪಾದ ಮುಳುಗುವಷ್ಟು ನೀರು. ಟಾರ್ಚ್ ಹಿಡಿದು, ಕೈ ಹಾಕಿ ಎಲೆ ಎಳೆದೆ. ಇಟ್ಟಿಗೆ ಮೇಲೆ ಇದ್ದ ಬ್ಯಾಗುಗಳು ಮುಳುಗಲಿಲ್ಲ. ಕಾವಿಗೆ ಅಂತ ಎತ್ತಿಟ್ಟದ್ದು ನೀರಿನಿಂದಲೂ ಕಾಪಾಡಿತು. ಹೀರೆ ಚಪ್ಪರ ಮಾತ್ರ ಗಾಳಿಗೆ ಮಗುಚಿತ್ತು. ಕೆಳಗಿಟ್ಟಿದ್ದ ಎರಡು ಬೆಂಡೆ ಗಿಡ ಬೇರು ಕೊಳೆತು ವಾರದಲ್ಲಿ ಹೋದವು. ಟೊಮ್ಯಾಟೊ ಕಾಯಿಗಳು ಇನ್ನೂ ಹಸಿ ಇದ್ದುದರಿಂದ ಬಿರಿಯಲಿಲ್ಲ.

ಜುಲೈನಲ್ಲಿ ನಾಲ್ಕು ಕಿಲೋ ಕಿತ್ತೆ. ಎಲ್ಲವನ್ನೂ ದೋರೆಗಾಯಲ್ಲೇ. ಅಕ್ಕಿ ಡಬ್ಬ ತುಂಬಿ, ಬೇಳೆ ಡಬ್ಬಕ್ಕೂ ಇಳಿದವು.

ಮರುವರ್ಷ ಮೋಸ ಹೋಗಬಾರದು ಅಂತ ನೆರಳು ಬಲೆ ಮೊದಲೇ ಕಟ್ಟಿ ಕೂತೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿಗೆ 300 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬಲೆ ಬಿಚ್ಚಿ, ಎಲೆ ಚುಕ್ಕೆ ಬಂದ ಕೆಳಗಿನ ಎಲೆಗಳನ್ನು ಕತ್ತರಿಸುವುದೇ ಕೆಲಸವಾಯಿತು. ಬಸಳೆ ಎರಡು ಬೇಸಿಗೆಯಲ್ಲೂ ಚೆನ್ನಾಗಿಯೇ ಇತ್ತು.

ನೋಟ್‌ಬುಕ್‌ನಲ್ಲಿ ಈಗ ಒಂದು ಹೊಸ ಸಾಲು ಸೇರಿದೆ, ರಾತ್ರಿ ಹತ್ತು ಗಂಟೆಯ ಬಿಸಿ ಎಷ್ಟು ಅಂತ. ಬೀಜವನ್ನೂ ಒಂದೇ ವಾರ ಹಾಕುವುದಿಲ್ಲ. ಎರಡು ನವೆಂಬರ್ ಕೊನೆಗೆ, ಎರಡು ಹೊಸ ವರ್ಷಕ್ಕೆ, ಎರಡು ಫೆಬ್ರವರಿಯಲ್ಲಿ. ಯಾವ ಜೋಡಿಗೆ ಯಾವ ಹವೆ ಸಿಗುತ್ತದೋ ಸಿಗಲಿ. ಏಪ್ರಿಲ್ ಬಂದರೆ ಊಟ ಆದ ಮೇಲೆ ಮಗಳು ಚಪ್ಪಲಿ ಬಿಟ್ಟು ಮೊದಲು ಮೇಲೆ ಓಡುತ್ತಾಳೆ. ಅಲ್ಲಿಂದಲೇ ಕೂಗುತ್ತಾಳೆ, "ಅಮ್ಮಾ, ಇವತ್ತು ಬೆಚ್ಚಗಿದೆ!"