ಎರಡು ಪಿಕ್ಸೆಲ್‌ಗಳ ನಡುವಿನ ಬದು

ಅಮೆರಿಸಿಯಂ-241 ಎಂಬ ವಿಕಿರಣಶೀಲ ಆಕರವನ್ನು, ಬಂದ ಕಿರಣದ ಶಕ್ತಿಯನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಅಳೆಯುವ ಪಿಕ್ಸೆಲ್ ಡಿಟೆಕ್ಟರ್‌ನ ಮುಂದಿಟ್ಟು ಮೊದಲ ಸಲ ಅಳತೆ ಮಾಡಿದ ದಿನ, ಪರದೆಯ ಮೇಲೆ ಮೂಡಿದ ರೋಹಿತವನ್ನು (ಯಾವ ಶಕ್ತಿಯ ಕಿರಣ ಎಷ್ಟು ಬಂದಿತೆಂಬ ನಕ್ಷೆಯನ್ನು) ಕಂಡು ಉಪಕರಣವೇ ಕೆಟ್ಟಿದೆ ಎಂದು ನಾನು ಭಾವಿಸಿದ್ದೆ. ಆ ಆಕರ ಸೂಸುವ ಮುಖ್ಯ ಗಾಮಾ ಕಿರಣದ ಶಕ್ತಿ 59.5 ಕಿಲೋ ಎಲೆಕ್ಟ್ರಾನ್ ವೋಲ್ಟ್. ಪಠ್ಯದ ಚಿತ್ರಗಳಲ್ಲಿ ಅದು ನೆಟ್ಟಗೆ ನಿಂತ ಶೃಂಗ. ನನ್ನ ಕಣ್ಣೆದುರು ಇದ್ದದ್ದು ಎಡಕ್ಕೆ ಜರಿದ ಒಂದು ದಿಬ್ಬ ಮತ್ತು ಕಡಿಮೆ ಶಕ್ತಿಯ ಕಡೆಗೆ ಉದ್ದಕ್ಕೆ ಎಳೆದುಕೊಂಡು ಹೋದ ಅದರ ಬಾಲ. ಡಿಟೆಕ್ಟರ್‌ನಲ್ಲಿ ದೋಷವಿರಲಿಲ್ಲ, ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಪಾಲಿಗೆ ಬಂದದ್ದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿತ್ತು. ಒಂದೇ ಫೋಟಾನ್‌ನ, ಅಂದರೆ ಕಿರಣದ ಒಂದೇ ಕಣದ, ಪಾಲು ಎಷ್ಟು ಮನೆಗಳಿಗೆ ಹಂಚಿಹೋಗಿದೆ ಎಂಬುದನ್ನು ನಾನು ಕೇಳಿರಲಿಲ್ಲ, ಅಷ್ಟೇ.

ನನ್ನ ಡಿಟೆಕ್ಟರ್‌ನ ಕ್ಯಾಡ್ಮಿಯಂ ಟೆಲ್ಯೂರೈಡ್ ಹರಳಿನಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಮತ್ತು ರಂಧ್ರವನ್ನು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗವನ್ನು) ಹುಟ್ಟಿಸಲು ಸರಾಸರಿ 4.43 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾಗಿ ಈ ಫೋಟಾನ್ ಪೂರ್ತಿಯಾಗಿ ಹೀರಲ್ಪಟ್ಟರೆ ಸುಮಾರು 13,400 ಜೋಡಿಗಳು ಸಿಗುತ್ತವೆ. ಎಲೆಕ್ಟ್ರಾನ್‌ಗಳು ವಿದ್ಯುತ್ ಕ್ಷೇತ್ರದ ಎಳೆತಕ್ಕೆ ಸಿಕ್ಕಿ ಪಿಕ್ಸೆಲ್‌ಗಳತ್ತ ಸಾಗುವಾಗ ದಾರಿಯಲ್ಲೇ ಹರಡಿಕೊಳ್ಳುತ್ತವೆ. ಒಂದು ಮಿಲಿಮೀಟರ್ ದಪ್ಪದ ಹರಳಿಗೆ 400 ವೋಲ್ಟ್ ಕೊಟ್ಟರೆ, ಪೂರ್ತಿ ದಪ್ಪವನ್ನು ದಾಟಿಬಂದ ಚಾರ್ಜ್ ಮೋಡ ಕೋಣೆಯ ಉಷ್ಣತೆಯಲ್ಲಿ ತನ್ನ ಕೇಂದ್ರದಿಂದ ಎತ್ತ ನೋಡಿದರೂ ಹತ್ತು ಹನ್ನೊಂದು ಮೈಕ್ರೋಮೀಟರ್‌ನಷ್ಟು ಚದುರಿರುತ್ತದೆ. ಹನ್ನೊಂದು ಮೈಕ್ರೋಮೀಟರ್ ಎಂದರೆ ಏನೂ ಅಲ್ಲ ಎನಿಸಬಹುದು. ಆದರೆ ನನ್ನ ಪಿಕ್ಸೆಲ್‌ನ ಅಗಲವೇ 55 ಮೈಕ್ರೋಮೀಟರ್. ಅಂಚಿನಿಂದ 15 ಮೈಕ್ರೋಮೀಟರ್‌ನೊಳಗೆ ಬಿದ್ದ ಚಾರ್ಜ್ ನೆರೆಮನೆಗೂ ಹೋಗುತ್ತದೆ ಎಂದು ಲೆಕ್ಕ ಹಿಡಿದರೆ, ಹಂಚಿಹೋಗದೆ ಉಳಿಯುವ ನಡುಭಾಗ 25 ಮೈಕ್ರೋಮೀಟರ್ ಬದಿಯ ಚೌಕ, ಅಂದರೆ ಪಿಕ್ಸೆಲ್‌ನ ಒಟ್ಟು ವಿಸ್ತೀರ್ಣದ ಐದರಲ್ಲಿ ಒಂದು ಪಾಲು ಮಾತ್ರ. ಅದೇ ಪಿಕ್ಸೆಲ್ 110 ಮೈಕ್ರೋಮೀಟರ್ ಇದ್ದಿದ್ದರೆ ಅರ್ಧಕ್ಕಿಂತ ಹೆಚ್ಚು ಭಾಗ ಸುರಕ್ಷಿತವಾಗಿರುತ್ತಿತ್ತು. ಚಿತ್ರ ಸೂಕ್ಷ್ಮವಾಗಲೆಂದು ಪಿಕ್ಸೆಲನ್ನು ಕಿರಿದು ಮಾಡುತ್ತಾ ಹೋದಂತೆ ಶಕ್ತಿಯ ಅಳತೆ ಕೆಡುತ್ತಾ ಹೋಗುತ್ತದೆ. ಮಾರಾಟದ ಕರಪತ್ರಗಳಲ್ಲಿ ಈ ಮಾತನ್ನು ಅಷ್ಟು ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ.

ಹಾಗಾದರೆ ಅಕ್ಕಪಕ್ಕದ ಪಿಕ್ಸೆಲ್‌ಗಳ ಪಾಲನ್ನು ಕೂಡಿಸಿಬಿಟ್ಟರೆ ಆಯಿತಲ್ಲ ಎಂದು ನಾನೂ ಮಾಡಿ ನೋಡಿದೆ. ಶೃಂಗ ಮೇಲೆದ್ದಿತು, ನಿಜ, ಆದರೆ 59.5ಕ್ಕೆ ತಲುಪದೆ ಕೊಂಚ ಹಿಂದೆಯೇ ನಿಂತಿತು. ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ ಒಂದು ಮೂಟೆ ಭತ್ತ ಸುರಿದು, ಎರಡೂ ಗದ್ದೆಗಳಲ್ಲಿ ಬಿದ್ದದ್ದನ್ನು ಬಳಿದು ಅಳೆದರೆ ಮೂಟೆ ತುಂಬುವುದಿಲ್ಲ. ಒಂದಷ್ಟು ಕಾಳು ಹುಲ್ಲಿನಲ್ಲಿ ಕಣ್ಣಿಗೆ ಬೀಳದೆ ಹೋಗುತ್ತದೆ, ಒಂದಷ್ಟು ಬದುವಿನ ಮೇಲೆಯೇ ಉಳಿಯುತ್ತದೆ. ಕಣ್ಣಿಗೆ ಬೀಳದ ಕಾಳೆಂದರೆ ಇಲ್ಲಿ ಪಿಕ್ಸೆಲ್ ಎಣಿಕೆಗೆ ತೆಗೆದುಕೊಳ್ಳುವ ಕನಿಷ್ಠ ಮಿತಿಯ ಕೆಳಗೆ ಉಳಿದ ಸಂಕೇತ: ಮಿತಿಯನ್ನು 5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಇಟ್ಟಿದ್ದಾಗ ನೆರೆಯ ಪಿಕ್ಸೆಲ್‌ಗೆ 4 ಹೋದರೆ ಅದು ಲೆಕ್ಕಕ್ಕೇ ಬಾರದು, ಮತ್ತು ಆ ಫೋಟಾನ್ 55.5 ಎಂದು ದಾಖಲಾಗುತ್ತದೆ. ಈ ನಷ್ಟ ತಪ್ಪಿಸಲು ನಾನು ಮಿತಿಯನ್ನು ತೀರಾ ಇಳಿಸಿದೆ. ಐದು ನಿಮಿಷದೊಳಗೆ ವಿದ್ಯುನ್ಮಾನ ಗದ್ದಲದ (ಫೋಟಾನ್ ಇಲ್ಲದೆಯೂ ಮೂಡುವ ಸಂಕೇತಗಳ) ಎಣಿಕೆಗಳಿಂದ ಕಡತ ತುಂಬಿಹೋಯಿತು. ಅದೂ ಅಲ್ಲದೆ, ಕೂಡಿಸಿದಷ್ಟೂ ಗದ್ದಲವೂ ಕೂಡುತ್ತದೆ: ನಾಲ್ಕು ಪಿಕ್ಸೆಲ್ ಸೇರಿಸಿದರೆ ಒಂದರದ್ದಕ್ಕಿಂತ ಎರಡು ಪಟ್ಟು.

ಬದುವಿನ ಮೇಲೆ ಉಳಿದ ಕಾಳಿಗೆ ಬೇರೆಯೇ ಉಪಾಯವಿದೆ. ಎರಡು ನೆರೆ ಪಿಕ್ಸೆಲ್‌ಗಳ ಪಾಲನ್ನು ಒಂದರ ಎದುರು ಇನ್ನೊಂದನ್ನಿಟ್ಟು ನಕ್ಷೆ ಬರೆದರೆ, ನಷ್ಟವಿಲ್ಲದಿದ್ದಾಗ ಎಲ್ಲ ಚುಕ್ಕೆಗಳೂ ಒಂದು ನೇರ ಓರೆಗೆರೆಯ ಮೇಲೆ ಕೂರಬೇಕು. ಪಿಕ್ಸೆಲ್‌ಗಳ ಎಲೆಕ್ಟ್ರೋಡ್‌ಗಳ ನಡುವಿನ ಅಂತರದಲ್ಲಿ ಚಾರ್ಜ್ ಕಳೆದುಹೋಗುವ ಡಿಟೆಕ್ಟರ್‌ಗಳಲ್ಲಿ ಆ ಗೆರೆ ನಡುವೆ ಒಳಕ್ಕೆ ಬಾಗಿರುತ್ತದೆ. ಆ ಬಾಗಿನ ಆಳವನ್ನು ಅಳೆದು, ಎರಡರ ಪಾಲು ಎಷ್ಟು ಸಮವಾಗಿದೆಯೋ ಅಷ್ಟಕ್ಕೆ ತಕ್ಕಂತೆ ಮೊತ್ತವನ್ನು ಸರಿಪಡಿಸಬಹುದು. ನನಗೆ ಇದು ಕುರುಡಾಗಿ ಕೂಡಿಸುವುದಕ್ಕಿಂತ ಬಹಳ ಮೆಚ್ಚುಗೆಯಾದ ವಿಧಾನ, ಏಕೆಂದರೆ ಇಲ್ಲಿ ನಷ್ಟವೇ ತನ್ನ ಗಾತ್ರವನ್ನು ತಾನೇ ಹೇಳುತ್ತದೆ.

ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್ ಆಶ್ರಯದಲ್ಲಿ ರೂಪುಗೊಂಡ ಮೆಡಿಪಿಕ್ಸ್3 ಚಿಪ್ ಈ ಕೂಡಿಕೆಯನ್ನು ಸಂಕೇತ ಬಂದ ಕ್ಷಣದಲ್ಲೇ ಮುಗಿಸುತ್ತದೆ. ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಚಾರ್ಜನ್ನು ಸೇರಿಸಿ, ಎಲ್ಲಕ್ಕಿಂತ ದೊಡ್ಡ ಪಾಲು ಪಡೆದ ಪಿಕ್ಸೆಲ್‌ಗೆ ಇಡೀ ಫೋಟಾನನ್ನು ಬರೆದುಕೊಡುತ್ತದೆ. ಕ್ಯಾಡ್ಮಿಯಂನಿಂದ 23 ಮತ್ತು ಟೆಲ್ಯೂರಿಯಂನಿಂದ 27 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳ ಸುಮಾರಿಗೆ ಹೊರಟು ಪಕ್ಕದ ಪಿಕ್ಸೆಲ್‌ಗೆ ಹಾರುವ ಪ್ರತಿದೀಪ್ತಿ ಕಿರಣಗಳನ್ನೂ (ಫೋಟಾನನ್ನು ಹೀರಿದ ಪರಮಾಣು ತಾನೇ ಸೂಸುವ ಕಿರಣಗಳನ್ನೂ) ಇದರಿಂದ ಒಂದಷ್ಟು ಮಟ್ಟಿಗೆ ಹಿಡಿಯಬಹುದು. ಇದಕ್ಕೆ ತೆರಬೇಕಾದ ಬೆಲೆ ವೇಗ: ಫೋಟಾನ್‌ಗಳು ದಟ್ಟವಾಗಿ ಸುರಿಯುವಾಗ ಎರಡನ್ನು ಒಂದೆಂದು ಎಣಿಸುವ ಅಪಾಯ ಹೆಚ್ಚುತ್ತದೆ.

ನಿಧಾನವಾಗಿ ಸಾಗುವ ರಂಧ್ರಗಳು ದಾರಿಯಲ್ಲೇ ಸಿಕ್ಕಿಬೀಳುವುದು, ಪ್ರತಿ ಪಿಕ್ಸೆಲ್‌ನ ಗಳಿಕೆ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಬೇರೆಬೇರೆಯಾಗಿರುವುದು ಇವೂ ಬಾಲವನ್ನು ಉದ್ದ ಮಾಡುತ್ತವೆ. ಎರಡನೆಯದಕ್ಕೆ ಒಂದೊಂದು ಪಿಕ್ಸೆಲನ್ನೂ ತಿಳಿದ ಶಕ್ತಿಗಳಿಂದ ಪ್ರತ್ಯೇಕವಾಗಿ ಮಾಪನಾಂಕ ಮಾಡುವುದಲ್ಲದೆ ಬೇರೆ ದಾರಿಯಿಲ್ಲ. 65,536 ಪಿಕ್ಸೆಲ್‌ಗಳಿಗೆ ಅದನ್ನು ಮಾಡುವ ಬೇಸರವನ್ನು ಇಲ್ಲಿ ವರ್ಣಿಸುವುದಿಲ್ಲ.

ನೆರೆಯವರ ಪಾಲನ್ನು ನಾನು ಬರಿಯ ತೊಂದರೆಯೆಂದೇ ಎಣಿಸಿದ್ದೆ. ಆ ನೋಟ ಬದಲಾದದ್ದು ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಸಿಜೆಡ್‌ಟಿಐ ಎಂಬ ಎಕ್ಸ್-ಕಿರಣ ಉಪಕರಣದ ಬಗ್ಗೆ ಓದಿದಾಗ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ, ಬೆಂಗಳೂರಿನ ಸಮೀಪದ ಬ್ಯಾಲಾಳುವಿಗೆ ದತ್ತಾಂಶ ಕಳಿಸಿದ ಈ ಉಪಗ್ರಹದಲ್ಲಿ ಕ್ಯಾಡ್ಮಿಯಂ ಜಿಂಕ್ ಟೆಲ್ಯೂರೈಡ್‌ನ 64 ಘಟಕಗಳಿವೆ, ಒಂದೊಂದರಲ್ಲಿ 256 ಪಿಕ್ಸೆಲ್, ಒಟ್ಟು 16,384. ಪಿಕ್ಸೆಲ್‌ನ ಅಗಲ ಸುಮಾರು ಎರಡೂವರೆ ಮಿಲಿಮೀಟರ್, ಹರಳಿನ ದಪ್ಪ 5 ಮಿಲಿಮೀಟರ್. 100 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನ ಫೋಟಾನ್ ಒಂದು ಪಿಕ್ಸೆಲ್‌ನಲ್ಲಿ ಕಾಂಪ್ಟನ್ ಚದುರಿಕೆಗೆ ಒಳಗಾಗಿ (ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸಿ) ಪಕ್ಕದ್ದರಲ್ಲಿ ಹೀರಲ್ಪಟ್ಟರೆ, ಅದು ಯಾವ ದಿಕ್ಕಿನ ನೆರೆಮನೆಗೆ ಹೋಯಿತು ಎಂಬುದರಲ್ಲೇ ಕಿರಣದ ಧ್ರುವೀಕರಣದ, ಅಂದರೆ ಅದರ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದರ, ಸುಳಿವಿದೆ. ಅಂಚು ತಾಗಿದ ನಾಲ್ಕು ನೆರೆಗಳಿಗೂ ಮೂಲೆಯ ನಾಲ್ಕು ನೆರೆಗಳಿಗೂ ಸಿಗುವ ಎಣಿಕೆ ಮೊದಲೇ ಸಮನಲ್ಲವಾದ್ದರಿಂದ, ಧ್ರುವೀಕರಣವಿಲ್ಲದ ಕಿರಣ ಬಂದಿದ್ದರೆ ಹೇಗೆ ಹಂಚಿಕೆಯಾಗುತ್ತಿತ್ತು ಎಂಬುದರಿಂದ ಭಾಗಿಸಿದ ಮೇಲೆಯೇ ಆ ಸುಳಿವು ಹೊರಬೀಳುತ್ತದೆ. ಏಡಿ ನೀಹಾರಿಕೆಯಿಂದ ಬರುವ 100ರಿಂದ 380 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳ ಕಿರಣಗಳ ಧ್ರುವೀಕರಣವನ್ನು ಅಳೆದದ್ದು ಇಂಥ ಜೋಡಿ ಎಣಿಕೆಗಳಿಂದಲೇ.

ನನ್ನ ಹಳೆಯ ಪ್ರೋಗ್ರಾಮ್‌ನಲ್ಲಿ ಎರಡು ಪಿಕ್ಸೆಲ್ ಒಟ್ಟಿಗೆ ಮಿಡಿದ ಸಾಲುಗಳನ್ನೆಲ್ಲ ಅಳಿಸುವ ಒಂದು ಆಜ್ಞೆಯಿತ್ತು. ಅದನ್ನು ತೆಗೆದುಹಾಕಿ, ಅಂಥ ಸಾಲುಗಳನ್ನು ಈಗ ಬೇರೆಯೇ ಕಡತದಲ್ಲಿ ಇಡುತ್ತಿದ್ದೇನೆ.