‘ವಿದೇಶಿ’ ಎಂದರೆ ಯಾರು? 42 ವರ್ಷ ಹಿಂದಕ್ಕೆ ಓಡಿದ ಒಂದು ದಿನಾಂಕ

2018ರ ಹಣಕಾಸು ಕಾಯ್ದೆಯ ಕೊನೆಯ ಕಡೆ ಒಂದು ಪುಟ್ಟ ಕಲಂ ಇದೆ. ಎರಡು ವರ್ಷ ಹಿಂದಿನ ಹಣಕಾಸು ಕಾಯ್ದೆಯಲ್ಲಿ ‘2010ರ ಸೆಪ್ಟೆಂಬರ್ 26’ ಎಂದಿದ್ದದ್ದನ್ನು ‘1976ರ ಆಗಸ್ಟ್ 5’ ಎಂದು ಬದಲಿಸಿದ್ದಷ್ಟೇ ಅದರ ಕೆಲಸ. ತೆರಿಗೆಗೂ ಇದಕ್ಕೂ ಎತ್ತಣಿಂದೆತ್ತ ಸಂಬಂಧವಿಲ್ಲ. ಆ ಒಂದು ಸಾಲಿನಿಂದ ಕಾಂಗ್ರೆಸ್, ಬಿಜೆಪಿ ಎರಡೂ ವಿದೇಶಿ ದೇಣಿಗೆಯ ಕೇಸಿನಿಂದ ಒಟ್ಟಿಗೆ ಬಚಾವಾದವು.

1976ರ ಆಗಸ್ಟ್ 5 ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಮೊದಲ ಸಲ ಜಾರಿಗೆ ಬಂದ ದಿನ. ತುರ್ತು ಪರಿಸ್ಥಿತಿಯ ಕಾಲ; ‘ವಿದೇಶಿ ಕೈವಾಡ’ ಎಂಬ ಮಾತು ಸರ್ಕಾರದ ಬಾಯಲ್ಲಿ ಸದಾ ಇತ್ತು. ಅಭ್ಯರ್ಥಿಗಳು, ಶಾಸಕರು, ಸಂಸದರು, ಪಕ್ಷಗಳು ವಿದೇಶಿ ಮೂಲದಿಂದ ಹಣ ಪಡೆಯುವಂತಿಲ್ಲ; ಪಡೆದರೆ ಐದು ವರ್ಷದವರೆಗೆ ಜೈಲು. 2010ರಲ್ಲಿ ಇದರ ಜಾಗಕ್ಕೆ ಹೊಸ ಕಾಯ್ದೆ ಬಂದರೂ ಈ ನಿಷೇಧ ಹಾಗೇ ಉಳಿಯಿತು. ಪ್ರಜಾಪ್ರತಿನಿಧಿ ಕಾಯ್ದೆಯ 29ಬಿ ಕಲಂ ಕೂಡ ಇದನ್ನೇ ಹೇಳುತ್ತದೆ.

ನಿಜವಾದ ಆಟ ಇರುವುದು ವ್ಯಾಖ್ಯೆಯಲ್ಲಿ. ಕಂಪನಿ ಭಾರತದಲ್ಲೇ ನೋಂದಣಿಯಾಗಿದ್ದರೂ ಅದರ ಷೇರು ಬಂಡವಾಳದ ಅರ್ಧಕ್ಕಿಂತ ಹೆಚ್ಚು ವಿದೇಶಿಯರ ಅಥವಾ ವಿದೇಶಿ ಕಂಪನಿಯ ಕೈಯಲ್ಲಿದ್ದರೆ ಆಗ ಅದು ‘ವಿದೇಶಿ ಮೂಲ’ ಎನಿಸುತ್ತಿತ್ತು. ಲೋಹ, ಗಣಿ ಕಂಪನಿಗಳಾದ ಸ್ಟೆರ್ಲೈಟ್ ಮತ್ತು ಸೆಸಾ ಗೋವಾ ಸಿಕ್ಕಿಬಿದ್ದದ್ದು ಇಲ್ಲೇ. (ಸೆಸಾ ನಮ್ಮ ಚಿತ್ರದುರ್ಗದಲ್ಲೂ ಅದಿರು ತೆಗೆಯುತ್ತಿದ್ದ ಕಂಪನಿ.) ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಇಂಗ್ಲೆಂಡಿನಲ್ಲಿ ನೋಂದಣಿಯಾಗಿದ್ದ ವೇದಾಂತ ಕಂಪನಿಯದ್ದು. ಅವು ಕಾಂಗ್ರೆಸ್ಸಿಗೂ ಬಿಜೆಪಿಗೂ ದೇಣಿಗೆ ಕೊಟ್ಟಿದ್ದವು. ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಇ.ಎ.ಎಸ್. ಶರ್ಮಾ ದೆಹಲಿ ಹೈಕೋರ್ಟಿಗೆ ಹೋದರು. ‘ವೇದಾಂತದ ಒಡೆಯ ಭಾರತೀಯ ಪೌರ, ಹಾಗಾಗಿ ಇದು ವಿದೇಶಿ ಹಣವಲ್ಲ’ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಕಂಪನಿ ಹುಟ್ಟಿದ್ದು ಎಲ್ಲಿ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದಿತು. 2014ರ ಮಾರ್ಚ್ 28ರ ತೀರ್ಪಿನಲ್ಲಿ ಎರಡೂ ಪಕ್ಷಗಳು ಕಾನೂನು ಮುರಿದಿವೆ ಎಂದು ಹೇಳಿ, ಆರು ತಿಂಗಳಲ್ಲಿ ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೂ ಚುನಾವಣಾ ಆಯೋಗಕ್ಕೂ ಸೂಚಿಸಿತು.

ಕ್ರಮದ ಬದಲು ಬಂದದ್ದು ತಿದ್ದುಪಡಿ. ಕಂಪನಿ ಇರುವ ಉದ್ಯಮ ವಲಯಕ್ಕೆ ಗೊತ್ತುಮಾಡಿದ ವಿದೇಶಿ ಹೂಡಿಕೆಯ ಮಿತಿಯೊಳಗೆ ಇದ್ದರೆ, ಅರ್ಧಕ್ಕಿಂತ ಹೆಚ್ಚು ಷೇರು ವಿದೇಶಿಯರದ್ದಾದರೂ ಕಂಪನಿ ‘ವಿದೇಶಿ’ ಅಲ್ಲ ಎಂದು 2016ರ ಹಣಕಾಸು ಕಾಯ್ದೆ ಬರೆಯಿತು, ಅದೂ 2010ರಿಂದ ಪೂರ್ವಾನ್ವಯವಾಗಿ. ಎಷ್ಟೋ ವಲಯಗಳಲ್ಲಿ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಅವಕಾಶವಿದೆ. ಅಲ್ಲಿಗೆ ಮಿತಿಯ ಅರ್ಥವೇ ಹೋಯಿತು.

ಇದನ್ನೇ ನಂಬಿ ಎರಡೂ ಪಕ್ಷಗಳು 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಮೇಲ್ಮನವಿ ವಾಪಸ್ ಪಡೆದವು. ಎಡವಿದ್ದು ಇಲ್ಲಿ. ಕೇಸಿನಲ್ಲಿದ್ದ ದೇಣಿಗೆಗಳು 2009ರವರೆಗಿನವು, ಅಂದರೆ ಹಳೆಯ ಕಾಯ್ದೆಯ ಕಾಲದವು. 2010ರ ದಿನಾಂಕ ಅವಕ್ಕೆ ತಾಗುವುದೇ ಇಲ್ಲ. ಮೇಲ್ಮನವಿಯೂ ಇಲ್ಲದೆ ಹೈಕೋರ್ಟ್ ತೀರ್ಪು ಗಟ್ಟಿಯಾಗಿ ಕೂತಿತು. ಅದಕ್ಕೇ 2018ರಲ್ಲಿ ದಿನಾಂಕವನ್ನು 1976ಕ್ಕೆ ಒಯ್ದದ್ದು. ಆ ಹಣಕಾಸು ಮಸೂದೆಗೆ 2018ರ ಮಾರ್ಚ್ 14ರಂದು ಲೋಕಸಭೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟಿತು. ಅದು ‘ಧನ ಮಸೂದೆ’ (ಮನಿ ಬಿಲ್) ಆದ್ದರಿಂದ ರಾಜ್ಯಸಭೆ ತಡೆಯುವಂತೆಯೂ ಇರಲಿಲ್ಲ. ಬೇರೆ ಯಾವುದರಲ್ಲೂ ಒಮ್ಮತ ಕಾಣದ ಪಕ್ಷಗಳು ಇದರಲ್ಲಿ ಮಾತ್ರ ಕಾದಾಡಲಿಲ್ಲ.

ಹೆಸರು ಹೇಳದೆ ಪಕ್ಷಗಳಿಗೆ ಹಣ ಕೊಡಲು ಬಿಟ್ಟಿದ್ದ ಚುನಾವಣಾ ಬಾಂಡ್ ಬಗ್ಗೆ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಕೊಟ್ಟ ತೀರ್ಪು ಇದನ್ನೂ ಸರಿಪಡಿಸಿತು ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಬಾಂಡ್ ರದ್ದಾಯಿತು, ಕಂಪನಿ ದೇಣಿಗೆಗೆ ಮೂರು ವರ್ಷದ ಸರಾಸರಿ ಲಾಭದ ಶೇ 7.5ರ ಮಿತಿ ಮರಳಿತು. ಎಫ್‌ಸಿಆರ್‌ಎ ಪ್ರಶ್ನೆಯನ್ನು ಕೋರ್ಟು ಮೊದಲೇ ಬೇರ್ಪಡಿಸಿ ಇಟ್ಟಿತ್ತು.

ಪಕ್ಷಕ್ಕೆ ಯಾರ ಹಣ ಬಂದಿದೆ ಎಂದು ನೀವೇ ಪರಿಶೀಲಿಸಬೇಕೆಂದರೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಪಕ್ಷದ ‘ಫಾರ್ಮ್ 24ಎ’ ತೆಗೆಯಿರಿ. 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರು, ವಿಳಾಸ, ಪ್ಯಾನ್, ಮೊತ್ತ ಅಲ್ಲಿರುತ್ತದೆ. ಷೇರು ಯಾರದ್ದು ಎಂಬ ಕಾಲಂ ಮಾತ್ರ ಇಲ್ಲ. ಅದಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ಗೆ ಹೋಗಿ ಆ ಕಂಪನಿಯ ವಾರ್ಷಿಕ ರಿಟರ್ನ್, ‘ಎಂಜಿಟಿ-7’, ನೋಡಬೇಕು. ಷೇರುದಾರರ ಜಾಗದಲ್ಲಿ ಇನ್ನೊಂದು ಕಂಪನಿ ಸಿಕ್ಕರೆ ಅದರದ್ದನ್ನೂ ತೆಗೆಯಿರಿ. ಮೂರನೇ ಹಂತಕ್ಕೆ ಅದು ವಿದೇಶಕ್ಕೆ ಹೋದರೆ ಜಾಡು ಅಲ್ಲಿಗೆ ಮುಗಿದಂತೆ. ದೇಣಿಗೆ ಚುನಾವಣಾ ಟ್ರಸ್ಟ್ (ದಾನಿಗಳ ಹಣ ಕೂಡಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆ) ಮೂಲಕ ಬಂದಿದ್ದರೆ ಪಕ್ಷದ ಪಟ್ಟಿಯಲ್ಲಿ ಟ್ರಸ್ಟಿನ ಹೆಸರಷ್ಟೇ ಇರುತ್ತದೆ. ಟ್ರಸ್ಟಿನ ವರದಿಯನ್ನು ಬೇರೆಯಾಗಿ ಹುಡುಕಬೇಕು.

ವಿದೇಶದಲ್ಲಿರುವ ಕನ್ನಡಿಗರಿಗೊಂದು ಮಾತು: ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಪಕ್ಷಕ್ಕೆ ಕೊಡಬಹುದು. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಜೇಬಲ್ಲಿದ್ದರೂ, ಐನೂರು ರೂಪಾಯಿಯೂ ಕೊಡುವಂತಿಲ್ಲ.